ಅರಸು ಕೇಳದ ಪ್ರಶ್ನೆ

ಹಿರೇಕೆರೂರು ತಾಲೂಕಿನ ಅಬ್ಬಲೂರು ಚಿಕ್ಕ ಊರು. ಆದರೆ ಅಲ್ಲಿಯ ಸೋಮೇಶ್ವರ ದೇವಾಲಯದ ಶಾಸನದ ಕೀರ್ತಿ ಚಿಕ್ಕದಲ್ಲ. ಏಕಾಂತದ ರಾಮಯ್ಯನೆಂಬ ಶಿವಶರಣನು ತನ್ನ ಶಿರವನ್ನೇ ಪಣವಾಗಿಟ್ಟು ವಾದಕ್ಕೆ ನಿಂತುದು, ಗೆದ್ದು ಬಂದು ಬಿಜ್ಜಳ ಅರಸನಿಂದ ಜಯಪತ್ರವನ್ನು ಪಡೆದುದು, ಎಲ್ಲವನ್ನೂ ಆ ಕಲ್ಲು ವಿಸ್ತಾರವಾಗಿ ಹೇಳುತ್ತದೆ. ಫ್ಲೀಟ್ ಎಂಬ ಆಂಗ್ಲ ವಿದ್ವಾಂಸನು ಇಲ್ಲಿಯ ಶಾಸನಗಳನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ಅಬ್ಬಲೂರಿನ ಹೆಸರು ದೇಶದ ಇತಿಹಾಸಜ್ಞರಿಗೆಲ್ಲ ಪರಿಚಿತವಾಯಿತು.

ಅಬ್ಬಲೂರಿನ ಕಲ್ಲು ಬಿಜ್ಜಳನ ನ್ಯಾಯದಾನವನ್ನು ಸಾರುತ್ತದೆ. ಆ ಬಿಜ್ಜಳನ ಅಂತ್ಯ ಹೇಗಾಯಿತು? ೧೧೬೭ರ ಸುಮಾರಿಗೆ ಅವನ ಆಳ್ವಿಕೆ ಮುಗಿದು ಮಗ ಸೋವಿದೇವನಿಗೆ ಪಟ್ಟವಾಯಿತೆಂಬುದು ಶಾಸನಗಳಿಂದ ತಿಳಿದುಬರುತ್ತದೆ. ಬಿಜ್ಜಳನು ಕೊಲೆಯಾದನೆಂಬ ಕಥೆ ಬರುವುದು ಅನಂತರದ ಕಾವ್ಯ ಪುರಾಣಗಳಿಂದ. ವೀರಶೈವ ಪುರಾಣಗಳು ಅದನ್ನು ಒಂದು ಬಗೆಯಾಗಿ ಹೇಳಿದರೆ ಜೈನ ಕಥನ ಮತ್ತೊಂದು ಬಗೆಯಾಗಿ ಹೇಳುತ್ತದೆ. ಕೊಲೆ ನಡೆದುದು ನಿಜವೆ, ನಿಜವಾದರೆ ಯಾರ ಕೈ, ಯಾರ ಪ್ರೇರಣೆ ಎಂಬುದು ಎಂಟೂವರೆ ಶತಮಾನಗಳ ಮೇಲೂ ವಿದ್ವಾಂಸರ ಚರ್ಚೆಯ ವಿಷಯವಾಗಿಯೇ ಉಳಿದಿದೆ. ಪಟ್ಟಾಭಿಷೇಕ ಅರಮನೆಯ ಕಲ್ಲಿಗೆ ಬಂತು. ಕೊಲೆ ಜನರ ಬಾಯಿಗೆ ಬಂತು.

ಇದೇ ಸೀಮೆಯ ವೀರಗಲ್ಲುಗಳ ರೀತಿಯೇ ಬೇರೆ. ಹಾನಗಲ್ಲು, ಹಿರೇಕೆರೂರು ತಾಲೂಕುಗಳಲ್ಲಿ ಗುಡಿಯ ಅಂಗಳದಲ್ಲಿಯೋ ಕೆರೆಯ ಏರಿಯ ಮೇಲೆಯೋ ನಿಂತಿರುವ ಕಲ್ಲುಗಳನ್ನು ನೋಡಿದವರಿಗೆ ಇದು ಗೊತ್ತು. ಯಾವ ಅರಸನ ಕಾಲ, ಯಾವ ಊರಿನ ತುರುಗೋಳು, ಯಾರೊಡನೆ ಕಾದಿ ಯಾರು ಮಡಿದರು, ಕಲ್ಲನ್ನು ನಿಲ್ಲಿಸಿದವರು ಯಾರು ಎಂಬುದನ್ನು ಅವು ಮುಚ್ಚುಮರೆಯಿಲ್ಲದೆ ಹೇಳುತ್ತವೆ. ದನ ಕಾಯಲು ಹೋಗಿ ಸತ್ತ ಸಾಮಾನ್ಯನ ಸಾವಿಗೆ ಇಷ್ಟು ಸ್ಪಷ್ಟವಾದ ದಾಖಲೆಯುಂಟು. ಸಿಂಹಾಸನದ ಸುತ್ತ ಸಂಭವಿಸುವ ಸಾವಿಗೆ ಮಾತ್ರ ದಾಖಲೆ ಮಸುಕಾಗುತ್ತದೆ. ಅದೇಕೆ?

ಕಲ್ಲುಗಳನ್ನು ಓದಿದ ಪ್ರಾಧ್ಯಾಪಕ

ಇಂಥ ಕಲ್ಲುಗಳನ್ನು ಓದುವುದರಲ್ಲಿಯೇ ಆಯುಷ್ಯವನ್ನು ಸವೆಸಿದವರು ಧಾರವಾಡದ ಡಾ. ಎಂ. ಎಂ. ಕಲಬುರ್ಗಿಯವರು. ೧೯೩೮ರಲ್ಲಿ ಸಿಂದಗಿ ತಾಲೂಕಿನಲ್ಲಿ ಜನಿಸಿದ ಅವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಸೇವೆ ಸಲ್ಲಿಸಿದರು. ‘ಶಾಸನಗಳಲ್ಲಿ ಶಿವಶರಣರು’ ಅವರ ಪ್ರಸಿದ್ಧ ಕೃತಿ. ‘ಮಾರ್ಗ’ ಸಂಪುಟಗಳು ಅವರ ಸಂಶೋಧನೆಯ ಸಾರಸರ್ವಸ್ವ. ಅವುಗಳಲ್ಲಿ ನಾಲ್ಕನೆಯದಕ್ಕೆ ೨೦೦೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ೧೯೯೭ರಲ್ಲಿ ಹಾವೇರಿ ಜಿಲ್ಲೆ ಹುಟ್ಟುವವರೆಗೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ಧಾರವಾಡ ಜಿಲ್ಲೆಯ ತಾಲೂಕುಗಳೇ. ಈ ಊರುಗಳ ತರುಣರು ಹೆಚ್ಚಿನ ಓದಿಗೆ ಗಂಟುಮೂಟೆ ಕಟ್ಟಿಕೊಂಡು ಹೋಗುತ್ತಿದ್ದುದೂ ಧಾರವಾಡಕ್ಕೇ. ಇಲ್ಲಿಯ ಶಾಲೆ ಕಾಲೇಜುಗಳ ಕನ್ನಡ ಅಧ್ಯಾಪಕರಿಗೆ ಕಲಬುರ್ಗಿಯವರ ಹೆಸರು ಹೊರಗಿನದಲ್ಲ. ಮನೆಯ ಹಿರಿಯರ ಹೆಸರು.

೨೦೧೫ರ ಆಗಸ್ಟ್ ೩೦, ಭಾನುವಾರ. ಬೆಳಗಿನ ಹೊತ್ತು. ಧಾರವಾಡದ ಕಲ್ಯಾಣನಗರದ ಮನೆಗೆ ಮೋಟಾರ್ ಸೈಕಲ್ಲಿನಲ್ಲಿ ಇಬ್ಬರು ಬಂದರು. ಅಧ್ಯಾಪಕರ ಮನೆಯ ಬಾಗಿಲು ವಿದ್ಯಾರ್ಥಿಗೆ ತೆರೆದೇ ಇರುತ್ತದೆ. ಬಂದಾತ ವಿದ್ಯಾರ್ಥಿಯಂತೆ ಕರೆದ. ಬಾಗಿಲಿಗೆ ಬಂದ ಎಪ್ಪತ್ತಾರು ವರುಷದ ವೃದ್ಧರ ಮೇಲೆ ಗುಂಡು ಹಾರಿಸಿದ. ಆಸ್ಪತ್ರೆಗೆ ಒಯ್ದರೂ ಪ್ರಾಣ ಉಳಿಯಲಿಲ್ಲ. ಹಿಂದಿನ ವರ್ಷ ಮೂರ್ತಿಪೂಜೆಯ ಕುರಿತು ಅವರಾಡಿದ ಮಾತಿಗೆ ಪ್ರತಿಭಟನೆಗಳು ನಡೆದು ಮನೆಗೆ ಪೊಲೀಸ್ ಕಾವಲು ಬಂದಿತ್ತು. ಕೊಲೆಯ ವೇಳೆಗೆ ಆ ಕಾವಲು ಇರಲಿಲ್ಲ. ಅವರದೇ ಕೋರಿಕೆಯಂತೆ ಅದನ್ನು ಹಿಂತೆಗೆದುಕೊಂಡೆವೆಂದು ಪೊಲೀಸರು ತಿಳಿಸಿದರು.

ಒಂದೇ ಹೆದ್ದಾರಿಯ ನಾಲ್ಕು ಊರುಗಳು

ಪುಣೆಯಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಕೊಲ್ಲಾಪುರ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ದಾಟಿ ಶಿಗ್ಗಾಂವಿಯ ಮೂಲಕ ಸಾಗುತ್ತದೆ. ಈ ಒಂದೇ ದಾರಿಯಲ್ಲಿ ನಾಲ್ಕು ವರ್ಷಗಳಲ್ಲಿ ನಾಲ್ಕು ಹತ್ಯೆಗಳು ನಡೆದವು. ೨೦೧೩ರ ಆಗಸ್ಟ್ ೨೦ರಂದು ಪುಣೆಯಲ್ಲಿ ಅಂಧಶ್ರದ್ಧಾ ನಿರ್ಮೂಲನೆಯ ಕಾರ್ಯಕರ್ತ ಡಾ. ನರೇಂದ್ರ ದಾಭೋಲ್ಕರ್. ೨೦೧೫ರ ಫೆಬ್ರವರಿ ೧೬ರಂದು ಗುಂಡೇಟು ತಿಂದು ನಾಲ್ಕು ದಿನಗಳ ಮೇಲೆ ತೀರಿಕೊಂಡ ಕೊಲ್ಲಾಪುರದ ಕಮ್ಯುನಿಸ್ಟ್ ಮುಖಂಡ ಗೋವಿಂದ ಪಾನ್ಸರೆ. ಅದೇ ವರ್ಷ ಧಾರವಾಡದಲ್ಲಿ ಕಲಬುರ್ಗಿ. ೨೦೧೭ರ ಸೆಪ್ಟೆಂಬರ್ ೫ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ, ತಮ್ಮ ಮನೆಯ ಮುಂದೆ, ಪತ್ರಿಕೋದ್ಯಮಿ ಗೌರಿ ಲಂಕೇಶ್.

ಕಲಬುರ್ಗಿಯವರ ಕೊಲೆಯ ತನಿಖೆಯನ್ನು ರಾಜ್ಯದ ಸಿಐಡಿ ಕೈಗೊಂಡಿತು. ಮೊದಲ ವರ್ಷ ಕಳೆಯಿತು, ಎರಡನೆಯದೂ ಕಳೆಯಿತು, ಆರೋಪಪಟ್ಟಿ ಬರಲಿಲ್ಲ. ಕೊನೆಗೆ ಅವರ ಪತ್ನಿ ಉಮಾದೇವಿ ಕಲಬುರ್ಗಿಯವರು ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಬೇಕಾಯಿತು. ತನಿಖೆಯ ಮಂದಗತಿಗಾಗಿ ೨೦೧೮ರ ನವೆಂಬರಿನಲ್ಲಿ ನ್ಯಾಯಾಲಯವು ರಾಜ್ಯ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ೨೦೧೯ರ ಫೆಬ್ರವರಿಯಲ್ಲಿ ಪ್ರಕರಣವನ್ನು ಗೌರಿ ಲಂಕೇಶರ ಹತ್ಯೆಯ ವಿಶೇಷ ತನಿಖಾ ತಂಡಕ್ಕೆ ಒಪ್ಪಿಸಿ, ಉಚ್ಚ ನ್ಯಾಯಾಲಯದ ಧಾರವಾಡ ಪೀಠ ಅದರ ಮೇಲೆ ಕಣ್ಣಿಡಬೇಕೆಂದು ಆಜ್ಞಾಪಿಸಿತು. ಆರು ತಿಂಗಳಲ್ಲಿ, ಅದೇ ಆಗಸ್ಟಿನಲ್ಲಿ, ಆರು ಮಂದಿಯ ಮೇಲೆ ಆರೋಪಪಟ್ಟಿ ಸಿದ್ಧವಾಯಿತು.

ಆರೋಪ ಆರೋಪವೇ, ಅದು ಸಾಬೀತಾಗಬೇಕಾದುದು ನ್ಯಾಯಾಲಯದಲ್ಲಿ. ಆದರೆ ಲೆಕ್ಕ ಗಮನಿಸತಕ್ಕದ್ದು. ಮೂರೂವರೆ ವರ್ಷಗಳಲ್ಲಿ ಆಗದ ಕೆಲಸ ಆರು ತಿಂಗಳಲ್ಲಿ ಆದುದು ಹೇಗೆ? ಗೌರಿಯವರ ಪ್ರಕರಣದಲ್ಲಿ ವಿಶೇಷ ತಂಡವು ಸುಮಾರು ಹದಿನೈದು ತಿಂಗಳಲ್ಲಿ ಹದಿನೆಂಟು ಮಂದಿಯ ಮೇಲೆ ಆರೋಪ ಹೊರಿಸಿತ್ತು. ರಾಜ್ಯ ಅದೇ, ಪೊಲೀಸ್ ಇಲಾಖೆ ಅದೇ. ಬದಲಾದುದು ಜನಬಲ, ಅಧಿಕಾರ ಮತ್ತು ಮೇಲಿನವರ ಮನಸ್ಸು. ಶಕ್ತಿಯಿಲ್ಲದೆ ತನಿಖೆ ನಿಲ್ಲುವುದು ಬೇರೆ, ಶಕ್ತಿಯಿದ್ದೂ ನಿಲ್ಲುವುದು ಬೇರೆ. ಎರಡನೆಯದರ ಕಾರಣವನ್ನು ತಿಳಿಯಲು ಇನ್ನೂ ಹಿಂದಕ್ಕೆ, ಇದೇ ತಾಲೂಕುಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ದಿನಗಳಿಗೆ ಹೋಗಬೇಕು.

ಹತ್ತು ದಿನಗಳ ಕಥೆ

ಬ್ರಿಟಿಷರ ಕಾಲದಲ್ಲಿ ಶಿಗ್ಗಾಂವಿಯ ಸೀಮೆಗೆ ಬಂಕಾಪುರ ತಾಲೂಕೆಂದೂ ಹಿರೇಕೆರೂರಿನ ಸೀಮೆಗೆ ಕೋಡ ತಾಲೂಕೆಂದೂ ಹೆಸರಿತ್ತು. ಹಾನಗಲ್ಲಿನೊಡನೆ ಇವೆಲ್ಲ ಮುಂಬಯಿ ಸರ್ಕಾರದ ಆಡಳಿತದಲ್ಲಿದ್ದವು. ನಡುವೆ ಸವಣೂರು ಮಾತ್ರ ನವಾಬರ ಸಂಸ್ಥಾನ. ೧೯೪೮ರ ಮಾರ್ಚ್ ೮ರಂದು ಅದೂ ಮುಂಬಯಿಯಲ್ಲಿ ವಿಲೀನವಾಯಿತು. ಈ ಸೀಮೆಗೂ ಗಾಂಧೀಜಿಗೂ ರಕ್ತದ ನಂಟಿತ್ತು. ೧೯೩೦ರ ದಂಡಿಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದ ಮೋಟೆಬೆನ್ನೂರಿನ ತರುಣ ಮೈಲಾರ ಮಹಾದೇವಪ್ಪ ೧೯೪೩ರ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದುದು ಈ ನಾಡಿನ ಮಕ್ಕಳಿಗೂ ಗೊತ್ತಿರುವ ಸಂಗತಿ. ಐದು ವರ್ಷ ಕಳೆಯುವುದರೊಳಗೆ ಗಾಂಧೀಜಿಯೇ ಗುಂಡಿಗೆ ಬಲಿಯಾದರು.

ಆ ಕೊಲೆಯ ಮುನ್ನಿನ ಹತ್ತು ದಿನಗಳನ್ನು ನೋಡಿದರೆ ಎದೆ ಭಾರವಾಗುತ್ತದೆ. ೧೯೪೮ರ ಜನವರಿ ೨೦ರಂದು ದೆಹಲಿಯ ಬಿರ್ಲಾ ಭವನದಲ್ಲಿ, ಪ್ರಾರ್ಥನಾ ಸಭೆಯ ಹತ್ತಿರ, ಸಿಡಿಮದ್ದು ಸಿಡಿಯಿತು. ಮದನಲಾಲ್ ಪಾಹವಾ ಎಂಬಾತ ಸ್ಥಳದಲ್ಲಿಯೇ ಸಿಕ್ಕಿಬಿದ್ದ. ಅವನ ಜೊತೆಗಾರರು ತಪ್ಪಿಸಿಕೊಂಡರು. ಪೊಲೀಸರಿಗೆ ಅವನು ಕೊಟ್ಟ ಹೇಳಿಕೆಯಲ್ಲಿ ಪುಣೆಯ ಒಂದು ಪತ್ರಿಕೆಯ ಸಂಪಾದಕನ ಸುಳಿವಿತ್ತು. ಆ ಸಂಪಾದಕನೇ ನಾಥೂರಾಮ ಗೋಡ್ಸೆ.

ಇತ್ತ ಮುಂಬಯಿಯಲ್ಲಿ ಇನ್ನೊಂದು ಘಟನೆ. ರುಯಿಯಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಜಗದೀಶಚಂದ್ರ ಜೈನ್ ಎಂಬವರು ನಿರಾಶ್ರಿತನಾಗಿ ಬಂದಿದ್ದ ಇದೇ ಮದನಲಾಲನಿಗೆ ತಮ್ಮ ಪುಸ್ತಕಗಳನ್ನು ಮಾರುವ ಕೆಲಸ ಕೊಟ್ಟು ನೆರವಾಗಿದ್ದರು. ಗಾಂಧೀಜಿಯನ್ನು ಮುಗಿಸುವ ಸಂಚಿನ ಮಾತನ್ನು ಅವನು ಅವರ ಮುಂದೆ ಆಡಿದ್ದ. ಬಡಾಯಿಯೆಂದು ಬಗೆದ ಜೈನರು ಪತ್ರಿಕೆಯಲ್ಲಿ ಸ್ಫೋಟದ ಸುದ್ದಿ ಓದಿ ತಳಮಳಿಸಿದರು. ಜನವರಿ ೨೧ರಂದು ಮುಂಬಯಿಯ ಪ್ರಧಾನಿ ಬಿ. ಜಿ. ಖೇರ್ ಅವರನ್ನೂ ಗೃಹಮಂತ್ರಿ ಮೊರಾರ್ಜಿ ದೇಸಾಯಿ ಅವರನ್ನೂ ಕಂಡು ತಾವು ಕೇಳಿದುದನ್ನೆಲ್ಲ ಅರುಹಿದರು. ಮೊರಾರ್ಜಿಯವರು ಅಂದೇ ರಾತ್ರಿ ಅದನ್ನು ಮುಂಬಯಿ ಪೊಲೀಸಿನ ಹಿರಿಯ ಅಧಿಕಾರಿ ನಗರವಾಲಾ ಅವರಿಗೆ ತಿಳಿಸಿದರು.

ದೆಹಲಿಯ ಕೈಯಲ್ಲಿ ಒಂದು ಎಳೆ, ಮುಂಬಯಿಯ ಕೈಯಲ್ಲಿ ಇನ್ನೊಂದು ಎಳೆ. ಎರಡನ್ನೂ ಗಂಟು ಹಾಕಿದ್ದರೆ ಹಗ್ಗವಾಗುತ್ತಿತ್ತು. ಆದರೆ ದೆಹಲಿಯಿಂದ ಬಂದ ಪೊಲೀಸರಿಗೂ ಮುಂಬಯಿಯ ಪೊಲೀಸರಿಗೂ ಹೊಂದಿಕೆಯಾಗಲಿಲ್ಲ. ಇದು ಕೊಲೆಯ ಸಂಚಲ್ಲ, ಗಾಂಧೀಜಿಯನ್ನು ಅಪಹರಿಸುವ ಸಂಚು ಎಂಬ ಊಹೆ ಮುಂಬಯಿಯ ಅಧಿಕಾರಿಯ ತಲೆಯಲ್ಲಿ ಕುಳಿತಿತು. ಮದನಲಾಲನ ಪೂರ್ಣ ಹೇಳಿಕೆಯನ್ನು ಹೊತ್ತ ಪುಣೆಯ ಹಿರಿಯ ಪೊಲೀಸ್ ಅಧಿಕಾರಿ ದೆಹಲಿಯಿಂದ ವಿಮಾನ ಹತ್ತದೆ ರೈಲಿನಲ್ಲಿ ಸಾವಕಾಶವಾಗಿ ಪ್ರಯಾಣ ಮಾಡಿದರು. ಸಂಚುಗಾರರ ಮುಖಪರಿಚಯವಿದ್ದ ಪುಣೆಯ ಪೊಲೀಸರನ್ನು ಪ್ರಾರ್ಥನಾ ಸಭೆಯ ಕಾವಲಿಗೆ ಕರೆಸಲಿಲ್ಲ. ಜನವರಿ ೩೦ರ ಸಂಜೆ ಗೋಡ್ಸೆ ಜನರ ನಡುವಿನಿಂದ ಸಲೀಸಾಗಿ ಮುಂದೆ ಬಂದ.

ಹದಿನಾರು ವರ್ಷಗಳ ಮೌನ

ಕೆಂಪುಕೋಟೆಯಲ್ಲಿ ವಿಶೇಷ ನ್ಯಾಯಾಲಯ ಕುಳಿತಿತು. ೧೯೪೯ರ ಫೆಬ್ರವರಿ ೧೦ರಂದು ನ್ಯಾಯಾಧೀಶ ಆತ್ಮಾಚರಣರು ತೀರ್ಪಿತ್ತರು. ಗೋಡ್ಸೆಗೂ ಆಪ್ಟೆಗೂ ಮರಣದಂಡನೆಯಾಗಿ, ನವೆಂಬರ್ ೧೫ರಂದು ಅಂಬಾಲದ ಸೆರೆಮನೆಯಲ್ಲಿ ಅದು ಜಾರಿಗೆ ಬಂದಿತು. ಕೊಂದವನಾರು ಎಂಬ ಪ್ರಶ್ನೆಗೆ ಉತ್ತರ ದೊರೆಯಿತು.

ಆದರೆ ಅದೇ ತೀರ್ಪಿನಲ್ಲಿ ಆತ್ಮಾಚರಣರು ಇನ್ನೊಂದು ಮಾತನ್ನೂ ಬರೆದಿದ್ದರು. ಜನವರಿ ೨೦ರಿಂದ ೩೦ರವರೆಗೆ ಪೊಲೀಸರು ತೋರಿದ ಶೈಥಿಲ್ಯವನ್ನು ಅವರು ಸರ್ಕಾರದ ಗಮನಕ್ಕೆ ತಂದಿದ್ದರು. ಚುರುಕಾಗಿದ್ದರೆ ಅನರ್ಥ ತಪ್ಪಬಹುದಾಗಿತ್ತು ಎಂಬ ಅಭಿಪ್ರಾಯ ಅದರಲ್ಲಿತ್ತು. ಕೊಲೆಗಾರನಿಗೆ ಶಿಕ್ಷೆ ವಿಧಿಸಿದ ಲೇಖನಿಯೇ ಕಾವಲುಗಾರನ ಮೇಲೂ ಪ್ರಶ್ನೆಯನ್ನು ಬರೆದಿತ್ತು. ಮೊದಲನೆಯದನ್ನು ಸರ್ಕಾರ ಒಂದೇ ವರ್ಷದೊಳಗೆ ನೆರವೇರಿಸಿತು. ಎರಡನೆಯದಕ್ಕೆ ಬಹಿರಂಗ ವಿಚಾರಣಾ ಆಯೋಗ ನೇಮಕವಾದುದು ೧೯೬೫ರಲ್ಲಿ, ಹದಿನಾರು ವರ್ಷಗಳ ಮೇಲೆ!

ಅದೂ ಸರ್ಕಾರಕ್ಕೆ ತಾನಾಗಿ ಹೊಳೆದುದಲ್ಲ. ೧೯೬೪ರಲ್ಲಿ ಜೀವಾವಧಿ ಶಿಕ್ಷೆಯವರು ಬಿಡುಗಡೆಯಾಗಿ ಬಂದಾಗ ಪುಣೆಯಲ್ಲಿ ಒಂದು ಸತ್ಕಾರ ನಡೆಯಿತು. ಅಲ್ಲಿ ಜಿ. ವಿ. ಕೇತ್ಕರ್ ಎಂಬವರು, ಗಾಂಧೀಜಿಯ ಕೊಲೆಯ ಉದ್ದೇಶ ತಮಗೆ ಮೊದಲೇ ತಿಳಿದಿತ್ತೆಂದು ಸಭೆಯಲ್ಲಿಯೇ ಆಡಿಬಿಟ್ಟರು. ಸಂಸತ್ತಿನಲ್ಲಿಯೂ ಮಹಾರಾಷ್ಟ್ರದ ವಿಧಾನಸಭೆಯಲ್ಲಿಯೂ ಕೋಲಾಹಲವೆದ್ದಿತು. ಆಮೇಲೆ ಆಯೋಗ. ಮೊದಲು ಅದಕ್ಕೆ ನೇಮಕವಾದವರು ಗೋಪಾಲಸ್ವರೂಪ ಪಾಠಕ್. ಮುಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿ ಕನ್ನಡಿಗರಿಗೆ ಪರಿಚಿತರಾದವರು. ಅವರು ಕೇಂದ್ರ ಮಂತ್ರಿಗಳಾದ ಬಳಿಕ, ೧೯೬೬ರ ನವೆಂಬರಿನಲ್ಲಿ, ನ್ಯಾಯಮೂರ್ತಿ ಜೀವನಲಾಲ್ ಕಪೂರ್ ಆ ಹೊಣೆಯನ್ನು ಹೊತ್ತರು. ನೂರೊಂದು ಸಾಕ್ಷಿಗಳನ್ನು ವಿಚಾರಿಸಿ ೧೯೬೯ರಲ್ಲಿ ವರದಿ ಒಪ್ಪಿಸಿದರು. ಅಷ್ಟರಲ್ಲಿ ಖೇರ್ ತೀರಿಕೊಂಡಿದ್ದರು, ಕೇಂದ್ರದ ಗೃಹಮಂತ್ರಿಗಳಾಗಿದ್ದ ಸರ್ದಾರ್ ಪಟೇಲರೂ ತೀರಿಕೊಂಡಿದ್ದರು. ಪೊಲೀಸರ ಅಲಕ್ಷ್ಯವನ್ನು ವರದಿ ಪುಟಪುಟದಲ್ಲಿ ತೋರಿಸಿಕೊಟ್ಟಿತು. ಆದರೆ ತಪ್ಪನ್ನು ತಿದ್ದಿಕೊಳ್ಳಬೇಕಾದ ಕಾಲ ಎಂದೋ ಕಳೆದಿತ್ತು.

ದೀಪದ ಕೆಳಗಿನ ಕತ್ತಲೆ

ಗಾಂಧೀಜಿಯನ್ನು ಕೊಲ್ಲಿಸಬೇಕೆಂದು ಅಂದಿನ ಸರ್ಕಾರದಲ್ಲಿ ಯಾರೂ ಬಯಸಿರಲಿಲ್ಲ. ಅವರೆಲ್ಲ ಗಾಂಧೀಜಿಯ ಮಡಿಲಲ್ಲಿ ಬೆಳೆದವರು. ಹಾಗಿದ್ದೂ ಆಳವಾದ ತನಿಖೆಗೆ ಹಿಂಜರಿದರು. ರಹಸ್ಯವಿರುವುದು ಇಲ್ಲಿಯೇ. ಸರ್ಕಾರ ಕೊಲೆಯ ತನಿಖೆಗೆ ಅಂಜಿತೆಂದರೆ ಕೊಲೆಯಲ್ಲಿ ಅದರ ಕೈಯಿದೆ ಎಂದು ಜನ ಥಟ್ಟನೆ ತೀರ್ಮಾನಿಸುತ್ತಾರೆ. ಬಹುಮಟ್ಟಿಗೆ ಕಾರಣ ಅಷ್ಟು ಘೋರವಾದುದಲ್ಲ; ಅದಕ್ಕಿಂತ ಸಾಮಾನ್ಯವಾದುದು, ಆದುದರಿಂದಲೇ ಹೆಚ್ಚು ಅಪಾಯಕಾರಿಯಾದುದು.

ರಾಜಕೀಯ ಕೊಲೆಯಲ್ಲಿ ಮೂರು ಪ್ರಶ್ನೆಗಳಿರುತ್ತವೆ. ಗುಂಡು ಹಾರಿಸಿದವನಾರು? ಹಾರಿಸೆಂದು ಕಳಿಸಿದವನಾರು? ಮೊದಲೇ ತಿಳಿದಿದ್ದೂ ಸುಮ್ಮನಿದ್ದವರಾರು? ಮೊದಲನೆಯ ಪ್ರಶ್ನೆ ಬೀದಿಗೆ ಹೋಗುತ್ತದೆ. ಎರಡನೆಯದು ಯಾವುದೋ ಮನೆಯ ಹಿತ್ತಿಲಿಗೆ ಹೋಗುತ್ತದೆ. ಮೂರನೆಯದು ಸುತ್ತಿ ಸುತ್ತಿ ಸರ್ಕಾರದ ಕಚೇರಿಗೇ ಹಿಂತಿರುಗುತ್ತದೆ. ಯಾವ ಟಪಾಲು ಯಾವ ಮೇಜಿನ ಮೇಲೆ ಎಷ್ಟು ದಿನ ಕುಳಿತಿತ್ತು, ಯಾವ ಅಧಿಕಾರಿ ಯಾವ ಎಚ್ಚರಿಕೆಯನ್ನು ನಕ್ಕು ಬದಿಗಿಟ್ಟ ಎಂದು ಅದು ಕೇಳುತ್ತದೆ. ದೀಪ ಊರಿಗೆಲ್ಲ ಬೆಳಕು ಕೊಟ್ಟರೂ ಅದರ ಬುಡದಲ್ಲಿ ಕತ್ತಲೆ. ಆ ಕತ್ತಲೆಗೆ ಹಿಡಿಯಲು ಇನ್ನೊಂದು ದೀಪ ಬೇಕು; ಅದನ್ನು ಹಚ್ಚುವ ಅಧಿಕಾರವೂ ಮೊದಲ ದೀಪದ ಕೈಯಲ್ಲಿಯೇ ಇದೆ!

ಅಮೆರಿಕದಂಥ ಬಲಿಷ್ಠ ರಾಷ್ಟ್ರದಲ್ಲಿಯೂ ಹೀಗೆಯೇ ಆಯಿತು. ೧೯೬೩ರ ನವೆಂಬರ್ ೨೨ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನಡಿ ಕೊಲೆಯಾದರು. ಕೊಲೆಯ ಆರೋಪ ಹೊತ್ತ ಆಸ್ವಾಲ್ಡ್ ಅದಕ್ಕೆ ಕೆಲವು ದಿನಗಳ ಮುಂಚೆ ಅಲ್ಲಿಯ ಎಫ್‌ಬಿಐ ಕಚೇರಿಗೆ ತಾನೇ ಹೋಗಿ ಒಂದು ಚೀಟಿಯನ್ನು ಕೊಟ್ಟುಬಂದಿದ್ದ. ಅವನೂ ಹತನಾದ ಮೇಲೆ ಕಚೇರಿಯವರು ಆ ಚೀಟಿಯನ್ನು ನಾಶಮಾಡಿದರು. ವಾರನ್ ಆಯೋಗ ೧೯೬೪ರಲ್ಲಿ ವರದಿ ಕೊಟ್ಟಾಗ ಅದಕ್ಕೆ ಈ ಸಂಗತಿ ತಿಳಿದಿರಲಿಲ್ಲ. ಲೋಕಕ್ಕೆ ತಿಳಿದುದು ೧೯೭೫ರಲ್ಲಿ. ಚೀಟಿ ಹರಿದವರು ಅಧ್ಯಕ್ಷರ ವೈರಿಗಳಾಗಬೇಕಾಗಿರಲಿಲ್ಲ. ‘ನಿಮ್ಮ ಬಾಗಿಲಿಗೆ ಬಂದವನನ್ನು ಬಿಟ್ಟಿರಲ್ಲ’ ಎಂಬ ಮಾತಿನ ಭಯವೊಂದೇ ಸಾಕು. ಮಾನ ಉಳಿಸಿಕೊಳ್ಳಲು ಹರಿದ ಒಂದು ಚೀಟಿ ಸಾವಿರ ಸಂದೇಹಗಳಿಗೆ ತಾಯಿಯಾಯಿತು.

ಇನ್ನೊಂದು ಭಯ ಗದ್ದುಗೆಯದು. ರಾಜೀವ ಗಾಂಧಿಯವರು ೧೯೯೧ರ ಮೇ ೨೧ರಂದು ಶ್ರೀಪೆರಂಬುದೂರಿನಲ್ಲಿ ಹತರಾದರು. ಸಂಚಿನ ಮುಂದಾಳು ಶಿವರಾಸನ್ ಮತ್ತು ಅವನ ಸಂಗಡಿಗರು ಆಗಸ್ಟಿನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಪತ್ತೆಯಾದರು. ಮುತ್ತಿಗೆ ಹಾಕಿದ ಪಡೆ ಒಳಹೊಕ್ಕಾಗ ಒಬ್ಬರೂ ಜೀವಂತ ಸಿಕ್ಕಲಿಲ್ಲ. ಹೇಳಬೇಕಾದ ಬಾಯಿಗಳು ಮುಚ್ಚಿಹೋಗಿದ್ದವು. ರಕ್ಷಣೆಯ ಲೋಪಗಳ ವಿಚಾರಣೆಗೆ ವರ್ಮಾ ಆಯೋಗ, ಸಂಚಿನ ವಿಚಾರಣೆಗೆ ಜೈನ್ ಆಯೋಗ ಎಂದು ಸರ್ಕಾರ ಎರಡನ್ನು ನೇಮಿಸಿತು. ೧೯೯೭ರಲ್ಲಿ ಜೈನ್ ಆಯೋಗದ ಮಧ್ಯಂತರ ವರದಿ ಹೊರಬಿದ್ದಾಗ ಅದರ ಪುಟಗಳನ್ನು ಹಿಡಿದು ಕಾಂಗ್ರೆಸ್ ಪಕ್ಷವು ಡಿಎಂಕೆಯನ್ನು ಮಂತ್ರಿಮಂಡಲದಿಂದ ಬಿಡಬೇಕೆಂದಿತು. ಪ್ರಧಾನಿ ಗುಜ್ರಾಲ್ ಒಪ್ಪಲಿಲ್ಲ. ನವೆಂಬರ್ ಮುಗಿಯುವಷ್ಟರಲ್ಲಿ ರಾಜೀನಾಮೆ ಕೊಟ್ಟರು. ಕೊಲೆಯ ತನಿಖೆಯೊಂದು ಕೊಲೆಗೆ ಸಂಬಂಧವೇ ಇಲ್ಲದ ಸರ್ಕಾರವನ್ನು ಉರುಳಿಸಿತು. ಇದನ್ನು ಕಂಡ ಮುಂದಿನ ಮಂತ್ರಿಗಳು ಆಯೋಗವೆಂದರೆ ಹೆದರದಿರುವರೆ?

ಮೂರನೆಯ ತೊಡಕು ಗಡಿಯದು. ಪುಣೆಯ ಕಡತ ಮಹಾರಾಷ್ಟ್ರದ್ದು, ಧಾರವಾಡದ ಕಡತ ಕರ್ನಾಟಕದ್ದು. ಒಂದು ರಾಜ್ಯದಲ್ಲಿ ಒಂದು ಪಕ್ಷ, ಇನ್ನೊಂದರಲ್ಲಿ ಮತ್ತೊಂದು. ಹೊಣೆಯನ್ನು ಹಂಚಿಕೊಳ್ಳಬೇಕಾದಲ್ಲಿ ದಾಟಿಸುವುದು ಸುಲಭ. ೧೯೪೮ರಲ್ಲಿ ದೆಹಲಿ ಮುಂಬಯಿಗಳ ನಡುವೆ ಬಿದ್ದ ಕಂದಕ ೨೦೧೫ರಲ್ಲಿಯೂ ಮುಚ್ಚಿರಲಿಲ್ಲ. ಈ ಹತ್ಯೆಗಳ ತನಿಖೆಯ ಕಾಲದಲ್ಲಿ ಎರಡು ರಾಜ್ಯಗಳಲ್ಲಿಯೂ ಸರ್ಕಾರಗಳು ಬದಲಾದವು. ಪಕ್ಷ ಬದಲಾಯಿತೆಂದು ಕಡತ ಓಡಲಿಲ್ಲ. ಈ ಅಲಕ್ಷ್ಯ ಒಂದು ಬಣ್ಣದ ಬಾವುಟದ ಸ್ವತ್ತಲ್ಲ, ಕುರ್ಚಿಯ ಸ್ವಭಾವ.

ಸರ್ಕಾರದ ಪಕ್ಷದ ಮಾತು

ನ್ಯಾಯವಾಗಿ ನೋಡುವವರು ಇನ್ನೊಂದು ಮಗ್ಗುಲನ್ನೂ ನೋಡಬೇಕು. ಆಳವಾದ ತನಿಖೆ ಎಂಬುದು ಎಲ್ಲ ಸಂದರ್ಭದಲ್ಲಿಯೂ ಶುಭಕರವೆಂದು ಹೇಳಲಾಗದು. ಗಾಂಧೀಜಿಯ ಕೊಲೆಯಾದ ಮರುದಿನಗಳಲ್ಲಿ ಪಶ್ಚಿಮ ಮಹಾರಾಷ್ಟ್ರದ ಊರುಗಳಲ್ಲಿ ಕೊಲೆಗಾರನ ಜಾತಿಯವರೆಂಬ ಒಂದೇ ಕಾರಣಕ್ಕೆ ನಿರಪರಾಧಿಗಳ ಮನೆಗಳಿಗೆ ಬೆಂಕಿ ಬಿತ್ತು. ಹೊತ್ತಿಕೊಂಡ ಊರಿನಲ್ಲಿ ಹೆಸರುಗಳ ಪಟ್ಟಿಯನ್ನು ಹರಡುವುದು ಎಣ್ಣೆ ಸುರಿದಂತೆ. ಇದಲ್ಲದೆ ಗುಪ್ತಚಾರರ ಹೆಸರುಗಳು ಬಯಲಾದರೆ ಮುಂದೆ ಸುದ್ದಿ ತರುವವರಾರು? ಪ್ರಾರ್ಥನೆಗೆ ಬರುವವರ ಜೇಬು ತಪಾಸಣೆಗೆ ಗಾಂಧೀಜಿಯೇ ಒಪ್ಪಿರಲಿಲ್ಲ. ಕಲಬುರ್ಗಿಯವರಿಗೂ ಮನೆಯ ಮುಂದಿನ ಕಾವಲು ಬೇಡವಾಗಿತ್ತೆಂದು ಪೊಲೀಸರೇ ಹೇಳಿದರು. ಹೀಗಿರುವಾಗ ಎಲ್ಲ ದೋಷವನ್ನೂ ಅಧಿಕಾರಿಯ ತಲೆಗೆ ಕಟ್ಟುವುದು ಎಷ್ಟರಮಟ್ಟಿಗೆ ಸರಿ?

ಈ ವಾದದಲ್ಲಿ ತಥ್ಯವಿದೆ. ಆದರೆ ಅದು ಗುಟ್ಟನ್ನು ಕೆಲವು ಕಾಲ ಕಾಪಾಡುವುದಕ್ಕೆ ಸಮರ್ಥನೆಯೇ ಹೊರತು ಪ್ರಶ್ನೆಯನ್ನು ಕೇಳದಿರುವುದಕ್ಕೆ ಅಲ್ಲ. ಮುಚ್ಚಿದ ಬಾಗಿಲಿನೊಳಗೆ ಕೂಡ ಮೂರನೆಯ ಪ್ರಶ್ನೆಯನ್ನು ಕೇಳಬಹುದಾಗಿತ್ತು. ಕೇಳಿದ್ದರೆ ಊರು ಹೊತ್ತಿಕೊಳ್ಳುತ್ತಿರಲಿಲ್ಲ. ಒಂದೆರಡು ಕುರ್ಚಿಗಳು ಖಾಲಿಯಾಗುತ್ತಿದ್ದವು, ಅಷ್ಟೆ.

೨೦೨೪ರ ಮೇ ೧೦ರಂದು ದಾಭೋಲ್ಕರರ ಪ್ರಕರಣದಲ್ಲಿ ಪುಣೆಯ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಿತು. ಗುಂಡು ಹಾರಿಸಿದರೆಂದು ಸಾಬೀತಾದ ಇಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು. ಉಳಿದ ಮೂವರು ಬಿಡುಗಡೆ ಹೊಂದಿದರು. ಸಂಚಿನ ಮೂಲಪುರುಷ ಬೇರೆಯೇ ಇದ್ದಾನೆ, ಅವನನ್ನು ತನಿಖ ಸಂಸ್ಥೆಗಳು ಹೊರಗೆಳೆಯಲಿಲ್ಲ ಎಂಬ ಭಾವವನ್ನು ನ್ಯಾಯಾಧೀಶರು ವ್ಯಕ್ತಪಡಿಸಿದರು. ಅದು ಅಸಮರ್ಥತೆಯೋ, ಅಧಿಕಾರಸ್ಥರ ಪ್ರಭಾವದಿಂದ ಬೇಕೆಂದೇ ಬಿಟ್ಟುದೋ ಎಂಬುದನ್ನು ಆ ಸಂಸ್ಥೆಗಳು ಆತ್ಮಪರೀಕ್ಷೆ ಮಾಡಿಕೊಳ್ಳಬೇಕೆಂದೂ ಅವರು ಸೂಚಿಸಿದರು. ೧೯೪೯ರಲ್ಲಿ ಆತ್ಮಾಚರಣರು ಬರೆದ ಮಾತಿಗೂ ಇದಕ್ಕೂ ನಡುವೆ ಎಪ್ಪತ್ತೈದು ವರ್ಷ. ಮಾತಿನ ಧಾಟಿ ಮಾತ್ರ ಒಂದೇ.

ತನಿಖೆ ಯಾರಿಗಾಗಿ?

ಸತ್ತವರು ಸತ್ತರು, ಕೆದಕಿ ಫಲವೇನು ಎಂದು ಕೇಳುವ ಗೃಹಸ್ಥರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರಿಗೆ ಉತ್ತರ ಒಂದು ಪಿಸ್ತೂಲಿನಲ್ಲಿದೆ. ಗೌರಿ ಲಂಕೇಶರ ಪ್ರಕರಣದ ತನಿಖೆಯಲ್ಲಿ ವಿಧಿವಿಜ್ಞಾನ ಪ್ರಯೋಗಾಲಯವು ಗುಂಡುಗಳನ್ನು ಹೋಲಿಸಿ ನೋಡಿ, ಧಾರವಾಡದಲ್ಲಿ ಕಲಬುರ್ಗಿಯವರನ್ನು ಕೊಂದ ೭.೬೫ ಮಿಲಿಮೀಟರಿನ ಆಯುಧವೂ ಬೆಂಗಳೂರಿನಲ್ಲಿ ಗೌರಿಯವರನ್ನು ಕೊಂದ ಆಯುಧವೂ ಒಂದೇ ಎಂದು ವರದಿ ಕೊಟ್ಟಿತು. ಎರಡು ಕೊಲೆಗಳ ನಡುವೆ ಎರಡು ವರ್ಷ ಆರು ದಿನ. ಅಷ್ಟು ಕಾಲವೂ ಆ ಪಿಸ್ತೂಲು ಯಾರದೋ ಕೈಯಲ್ಲಿ ಇದ್ದೇ ಇತ್ತು. ಇತ್ತ ಧಾರವಾಡದ ಕಡತ ಕದಲದೆ ಇತ್ತು.

ಗಾಂಧೀಜಿಯ ವಿಷಯದಲ್ಲಿ ದೊರೆತುದು ಹತ್ತು ದಿನ. ಇಲ್ಲಿ ದೊರೆತುದು ಎರಡು ವರ್ಷಕ್ಕೂ ಹೆಚ್ಚು. ರಾಜಕೀಯ ಕೊಲೆಯ ತನಿಖೆ ಸತ್ತವರ ಸಮಾಧಾನಕ್ಕೆ ನಡೆಯುವ ತಿಥಿಕರ್ಮವಲ್ಲ. ಅದು ಮುಂದೆ ಬಾಗಿಲು ತೆರೆಯಲಿರುವವರ ಜೀವಕ್ಕೆ ಕಟ್ಟುವ ಬೇಲಿ. ಕಚೇರಿಯ ಮಾನ ಕಾಯಲು ಆ ಬೇಲಿಯ ಒಂದು ಗೂಟವನ್ನು ಕಿತ್ತರೂ ಸಾಕು, ಮುಂದಿನವರು ಬೀಳುತ್ತಾರೆ.

ಆದುದರಿಂದಲೇ ಉಮಾದೇವಿಯವರು ದೆಹಲಿಯವರೆಗೆ ಹೋದುದು ಒಂದು ಮನೆಯ ವ್ಯಾಜ್ಯವಲ್ಲ. ಸರ್ಕಾರ ತಾನಾಗಿ ಕೇಳದ ಪ್ರಶ್ನೆಯನ್ನು ನ್ಯಾಯಾಲಯದ ಬಾಯಿಂದ ಕೇಳಿಸಿದರು. ಅನುಭವ ಕಲಿಸುವ ಪಾಠವೂ ಇದೇ. ತನಿಖೆ ನಡೆಸುವವನು ತನ್ನ ಮೇಲಧಿಕಾರಿಯ ಮುಖ ನೋಡಬೇಕಾಗಿರುವವರೆಗೆ ಮೂರನೆಯ ಪ್ರಶ್ನೆ ಅವನ ಬಾಯಿಂದ ಬಾರದು. ನ್ಯಾಯಪೀಠದ ಮುಖ ನೋಡುವಂತಾದಾಗ ಆರೇ ತಿಂಗಳಲ್ಲಿ ಕಡತಕ್ಕೆ ಕಾಲು ಬರುತ್ತದೆ.

ಅಬ್ಬಲೂರಿನ ಗುಡಿಯ ಕಲ್ಲು ತಾನು ಕಂಡುದನ್ನು ಇಂದಿಗೂ ಹೇಳುತ್ತ ನಿಂತಿದೆ. ಹಾನಗಲ್ಲಿನ ಕೆರೆಯ ಬಳಿಯ ವೀರಗಲ್ಲುಗಳೂ ಹೇಳುತ್ತಿವೆ. ಶಿಗ್ಗಾಂವಿಯ ಹೆದ್ದಾರಿಯಲ್ಲಿ ಹಗಲಿರುಳೂ ವಾಹನಗಳು ಓಡುತ್ತಿವೆ; ಆ ದಾರಿಯ ನಾಲ್ಕು ಊರುಗಳಲ್ಲಿ ನಾಲ್ವರು ಬಿದ್ದುದನ್ನು ಹೇಳುವ ಕಲ್ಲು ಮಾತ್ರ ಅಲ್ಲಿಲ್ಲ. ಊರಿನ ದನ ಕಾಯಲು ಸತ್ತವನಿಗೆ ಅವನ ಜನ ನಿಲ್ಲಿಸಿದ ಕಲ್ಲಿನಲ್ಲಿ ಮೂರು ಸಂಗತಿಗಳಿದ್ದವು: ಸತ್ತವನಾರು, ಕೊಂದವರಾರು, ಆಗ ಆಳುತ್ತಿದ್ದ ಅರಸನಾರು. ಕಲಬುರ್ಗಿಯವರು ಬಾಳೆಲ್ಲ ಓದಿದ್ದು ಅಂಥ ಸಾಲುಗಳನ್ನೇ. ಅವರ ಹೆಸರಿನ ಕಲ್ಲಿನಲ್ಲಿ ಮೊದಲನೆಯ ಸಾಲು ೨೦೧೫ರಲ್ಲಿಯೇ ಕೊರೆದಾಯಿತು. ಉಳಿದ ಸಾಲುಗಳನ್ನು ಪೂರ್ತಿಗೊಳಿಸುವುದು ನ್ಯಾಯಸ್ಥಾನದ ಉಳಿ. ಆ ಉಳಿ ಮೊಂಡಾಗದಂತೆ ನೋಡಿಕೊಳ್ಳುವುದು ನಾಡಿನ ಕೆಲಸ.